ಕೊಟ್ಟ ಪುಡಿ, ಬಡಿಸಿದ ಸಾರು

ಪುಣೆಯ ಹಿಂಜವಡಿಯಲ್ಲೋ ಹೈದರಾಬಾದಿನ ಮಾದಾಪುರದಲ್ಲೋ ಕಂಪ್ಯೂಟರಿನ ಮುಂದೆ ದುಡಿಯುವ ಮಗನೋ ಸೊಸೆಯೋ ಇರುವ ನಮ್ಮ ಮನೆಗಳಲ್ಲಿ ಈಚೆಗೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: “ಡೇಟಾಬೇಸಿನ ಲೈಸೆನ್ಸು ಬದಲಾಗಿದೆ, ಈ ಶನಿವಾರವೂ ಕೆಲಸ.” ಲೈಸೆನ್ಸೆಂದರೆ ಹಿರಿಯರಿಗೆ ನೆನಪಾಗುವುದು ಹಿಂದೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪಡೆಯುತ್ತಿದ್ದ ರೇಡಿಯೋ ಲೈಸೆನ್ಸು. ಇದು ಅಂಥದಲ್ಲ. ಇದರ ಹಿಂದೆ ದೊಡ್ಡದೊಂದು ವ್ಯಾಜ್ಯವಿದೆ. ವಾಚಕರು ಕೊಂಚ ತಾಳ್ಮೆಯಿಂದ ಕೇಳಿದರೆ ಅದನ್ನು ಅಡುಗೆಮನೆಯ ಭಾಷೆಯಲ್ಲೇ ಹೇಳಬಹುದೆಂದು ನಮಗೆ ತೋರುತ್ತದೆ.

ಡೇಟಾಬೇಸ್ ಎಂದರೆ ಲೆಕ್ಕದ ಖಾತೆ. ರೈಲಿನ ಟಿಕೇಟು, ಬ್ಯಾಂಕಿನ ಬಾಕಿ, ದೀಪದ ಬಿಲ್ಲು ಎಲ್ಲವೂ ಇಂಥದೊಂದು ಖಾತೆಯಲ್ಲಿರುತ್ತವೆ; ಅದನ್ನು ಬರೆದಿಡುವ, ಬೇಕಾದಾಗ ಹುಡುಕಿಕೊಡುವ ಚಿತ್ರಗುಪ್ತನೇ ಆ ತಂತ್ರಾಂಶ. ಇನ್ನು ಕ್ಲೌಡ್ ಎಂಬುದು ಆಕಾಶದಲ್ಲಿಲ್ಲ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೊದಲಾದವರು ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ, ಅಷ್ಟೆ. ಅಮೆಜಾನಿನವರ ಅಂಥ ಕೇಂದ್ರ ಮುಂಬಯಿಯಲ್ಲಿ 2016ರಲ್ಲೂ ಹೈದರಾಬಾದಿನಲ್ಲಿ 2022ರಲ್ಲೂ ತೆರೆಯಿತು. ಆದುದರಿಂದ ಆ ಮೋಡ ನಮ್ಮ ನೆರೆಹೊರೆಯಲ್ಲೇ ಇದೆಯೆನ್ನಬೇಕು.

ಈಗ ಅಡುಗೆಮನೆಗೆ ಬರೋಣ. ಅಜ್ಜಿಯೊಬ್ಬರು ತಮ್ಮ ಸಾರಿನ ಪುಡಿಯ ವಿಧಾನವನ್ನು ಬರೆದು ಊರಿಗೆಲ್ಲ ಪುಕ್ಕಟೆಯಾಗಿ ಹಂಚಿದರೆಂದು ಭಾವಿಸಿ. ಒಂದೇ ಕರಾರು: ಯಾರಾದರೂ ಅದನ್ನು ತಿದ್ದಿ, ಆ ಪುಡಿಯನ್ನು ಇನ್ನೊಬ್ಬರಿಗೆ ಕೊಟ್ಟರೆ, ಏನು ತಿದ್ದಿದರೆಂಬುದನ್ನೂ ಬರೆದುಕೊಡತಕ್ಕದ್ದು. 1989ರಲ್ಲಿ ರಿಚರ್ಡ್ ಸ್ಟಾಲ್ಮನ್ ರೂಪಿಸಿದ ಜಿಪಿಎಲ್ ಎಂಬ ಲೈಸೆನ್ಸಿನ ತಿರುಳು ಇಷ್ಟೇ. ಆದರೆ ಮಾಟುಂಗದಲ್ಲಿ ಹೋಟೆಲು ಇಟ್ಟವನೊಬ್ಬನು ಪುಡಿಯನ್ನು ಯಾರಿಗೂ ಕೊಡುವುದೇ ಇಲ್ಲ. ಬಟ್ಟಲಲ್ಲಿ ಸಾರನ್ನು ಬಡಿಸುತ್ತಾನೆ, ದುಡ್ಡು ಎಣಿಸುತ್ತಾನೆ. ಪುಡಿ ಕೈ ಬದಲಾಯಿಸಿಲ್ಲವಾದ್ದರಿಂದ ಕರಾರು ಅವನಿಗೆ ತಗಲುವುದಿಲ್ಲ. ಕ್ಲೌಡಿನವರು ಮಾಡುವುದು ಇದನ್ನೇ. ಈ ಕಿಂಡಿಯನ್ನು ಮುಚ್ಚಲೆಂದೇ 2007ರಲ್ಲಿ ಎಜಿಪಿಎಲ್ ಎಂಬ ಇನ್ನೊಂದು ಪತ್ರ ಬಂತು: ಪುಡಿಯನ್ನು ತಿದ್ದಿದವನು ಸಾರು ಬಡಿಸಿದರೂ ತಿದ್ದಿದ್ದನ್ನು ಹೇಳಲೇಬೇಕು. ತಿದ್ದದೆ ಇದ್ದಂತೆಯೇ ಬಳಸಿ ಬಡಿಸುವವನಿಗೆ ಅದರಿಂದಲೂ ಹೆಚ್ಚಿನ ತೊಂದರೆಯಿಲ್ಲ.

ನ್ಯೂಯಾರ್ಕಿನ ಮೊಂಗೋಡಿಬಿ ಕಂಪನಿಗೆ ಇದು ಸಾಲದಾಯಿತು. ತನ್ನ ಡೇಟಾಬೇಸನ್ನು ಎಜಿಪಿಎಲ್ ಕೆಳಗೆ ಕೊಟ್ಟಿದ್ದ ಆ ಕಂಪನಿ 2018ರ ಅಕ್ಟೋಬರಿನಲ್ಲಿ ಎಸ್‌ಎಸ್‌ಪಿಎಲ್ ಎಂಬ ಹೊಸ ಪತ್ರ ಬರೆಯಿತು. ಈ ಡೇಟಾಬೇಸನ್ನೇ ಸೇವೆಯಾಗಿ ಮಾರುವವನು ಪುಡಿಯ ಗುಟ್ಟನ್ನಷ್ಟೇ ಅಲ್ಲ, ತನ್ನ ಒಲೆ, ಪಾತ್ರೆ, ಲೆಕ್ಕದ ಪುಸ್ತಕ, ಎಂದರೆ ಸೇವೆ ನಡೆಸಲು ಬಳಸುವ ಸಮಸ್ತ ತಂತ್ರಾಂಶದ ಮೂಲವನ್ನೂ ಬಯಲಿಗಿಡಬೇಕೆಂಬುದು ಅದರ ಷರತ್ತು. ಯಾವ ಹೋಟೆಲಿನವನು ಒಪ್ಪಿಯಾನು? 2019ರ ಜನವರಿಯಲ್ಲಿ ಅಮೆಜಾನ್, ಮೊಂಗೋಡಿಬಿಯ ಭಾಷೆಯನ್ನೇ ಆಡುವ ಡಾಕ್ಯುಮೆಂಟ್‌ಡಿಬಿ ಎಂಬ ತನ್ನದೇ ಅಡುಗೆಯನ್ನು ಇಳಿಸಿತು. ಮುಕ್ತ ಲೈಸೆನ್ಸುಗಳಿಗೆ ಮುದ್ರೆಯೊತ್ತುವ ಓಪನ್ ಸೋರ್ಸ್ ಇನಿಷಿಯೇಟಿವ್ ಸಂಸ್ಥೆಯು ಎಸ್‌ಎಸ್‌ಪಿಎಲ್ ಮುಕ್ತವಲ್ಲವೆಂದು 2021ರಲ್ಲಿ ಖಂಡಿತವಾಗಿ ಹೇಳಿತು.

ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ರೆಡಿಸ್‌ನ ಕಥೆ. ಇಟಲಿಯ ಸಿಸಿಲಿಯವರಾದ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಇದನ್ನು ಬರೆದರು. ಒಳ್ಳೆಯ ಗುಮಾಸ್ತ ಕಡತ ತೆಗೆಯದೆ ಬಾಯಲ್ಲೇ ಲೆಕ್ಕ ಹೇಳುವ ಹಾಗೆ ಇದು ಎಲ್ಲವನ್ನೂ ಯಂತ್ರದ ನೆನಪಿನಲ್ಲೇ ಇಟ್ಟುಕೊಂಡು ತಟ್ಟನೆ ಉತ್ತರ ಕೊಡುತ್ತದೆ. ಅವರು ಕೊಟ್ಟದ್ದು ಬಿಎಸ್‌ಡಿ ಎಂಬ ಅತಿ ಉದಾರವಾದ ಪತ್ರದ ಕೆಳಗೆ: ನಮ್ಮ ಹೆಸರನ್ನು ಅಳಿಸಬೇಡಿ, ಉಳಿದಂತೆ ಏನಾದರೂ ಮಾಡಿಕೊಳ್ಳಿ. ಲೋಕದ ನಾನಾ ಮೂಲೆಗಳಿಂದ ಇಂಜಿನಿಯರರು ಬಂದು ಕೈ ಹಚ್ಚಿದರು. 2020ರಲ್ಲಿ ಅವರು ಹಿಂದೆ ಸರಿದ ಬಳಿಕ ಅದನ್ನು ನೋಡಿಕೊಂಡ ಮಂಡಲಿಯಲ್ಲಿ ಕಂಪನಿಯವರಲ್ಲದೆ ಅಮೆಜಾನ್, ಅಲಿಬಾಬಾಗಳ ಇಂಜಿನಿಯರರೂ ಇದ್ದರು. ರೆಡಿಸ್ ಮುಂದೆಯೂ ಬಿಎಸ್‌ಡಿಯಲ್ಲೇ ಇರುವುದೆಂದು 2018ರಲ್ಲಿ ಸಾರ್ವಜನಿಕವಾಗಿ ಮಾತು ಕೊಡಲಾಗಿತ್ತು. 2024ರ ಮಾರ್ಚಿ 20ರಂದು ಕಂಪನಿ ಆ ಮಾತನ್ನು ಬದಿಗಿಟ್ಟು, ಮುಂದಿನ ಆವೃತ್ತಿಗಳಿಗೆ ಎಸ್‌ಎಸ್‌ಪಿಎಲ್ ಮತ್ತು ತನ್ನದೇ ಒಂದು ಪತ್ರ, ಇವೆರಡರಲ್ಲಿ ಒಂದನ್ನು ಒಪ್ಪಬೇಕೆಂದಿತು.

ಎಂಟು ದಿನ ಕಳೆಯುವಷ್ಟರಲ್ಲಿ ಒಲೆ ಬೇರೆಯಾಯಿತು! ಹಳೆಯ ಪತ್ರದ ಕೆಳಗಿದ್ದ ಕೊನೆಯ ಆವೃತ್ತಿಯಾದ 7.2.4ನ್ನು ಎತ್ತಿಕೊಂಡು, ಅದರಲ್ಲೇ ವರ್ಷಗಟ್ಟಲೆ ದುಡಿದಿದ್ದ ಕೆಲವರು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ವಾಲ್ಕಿ ಎಂಬ ಹೆಸರಿನಿಂದ ಮುಂದುವರಿಸಿದರು. ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತವು. ಅದೇ ಅಕ್ಟೋಬರಿನಲ್ಲಿ ಅಮೆಜಾನ್ ತನ್ನ ಸೇವೆಯಲ್ಲಿ ರೆಡಿಸ್‌ಗಿಂತ ವಾಲ್ಕಿಗೆ ಶೇಕಡಾ 20ರಿಂದ 33ರಷ್ಟು ಕಡಿಮೆ ದರವನ್ನಿಟ್ಟಿತು. ಯಾರ ಕೈ ಕಟ್ಟಲು ಲೈಸೆನ್ಸು ಬದಲಾಯಿತೋ ಅವರೇ ಗಿರಾಕಿಗೆ ಅಗ್ಗದ ಊಟ ಹಾಕಿದ ಹಾಗಾಯಿತು.

ತನ್ನ ಕೆಲಸಕ್ಕೆ ರೆಡಿಸನ್ನು ಒಳಗೊಳಗೇ ಬಳಸುವ ಸಾಮಾನ್ಯ ಕಂಪನಿಗೆ ಈ ಬದಲಾವಣೆಯಿಂದ ನೇರವಾದ ಬಾಧೆ ಕಡಿಮೆ. ಷರತ್ತಿನ ಗುರಿ ಅದನ್ನೇ ಸೇವೆಯಾಗಿ ಮಾರುವವರು. ಆದರೆ ವಕೀಲರಿಗೆ ಅನುಮಾನ ಬಂದಿತೆಂದರೆ ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ, ಯಾವ ಪತ್ರದ ಕೆಳಗಿದೆ ಎಂದು ಒಂದೊಂದಾಗಿ ಹುಡುಕಿ ಪಟ್ಟಿ ಮಾಡಬೇಕು, ಬೇಕಾದರೆ ಬದಲಾಯಿಸಬೇಕು. ಶನಿವಾರಗಳು ಹೋಗುವುದು ಅಲ್ಲಿಗೆ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬೆಳೆದವನ ಹೊಟ್ಟೆ ಹಸಿದಿರುವಾಗ ಮಾರಿದವನು ಮಾತ್ರ ಕೊಬ್ಬುವುದು ಸರಿಯಲ್ಲ; ಕಂಪನಿಗಳ ಅಳಲು ಸುಳ್ಳಲ್ಲ. ಆದರೂ ರೆಡಿಸ್ ಒಬ್ಬರ ಕೈಯಡುಗೆಯಾಗಿರಲಿಲ್ಲ. ಪಂಕ್ತಿಗೆ ಕರೆದು, ಬಂದವರಿಂದ ತರಕಾರಿ ಹೆಚ್ಚಿಸಿ, ಎಲೆ ಹಾಕಿದ ಮೇಲೆ ಕರಾರು ಓದುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಕಂಪನಿಗೂ ಇದು ಅರಿವಾಗಿರಬೇಕು. 2024ರ ಕೊನೆಗೆ ಸಾನ್‌ಫಿಲಿಪ್ಪೊ ಮರಳಿ ಬಂದರು. 2025ರ ಮೇ ತಿಂಗಳಲ್ಲಿ ಹೊರಬಂದ ರೆಡಿಸ್ 8ಕ್ಕೆ ಎಜಿಪಿಎಲ್ ಪತ್ರವೂ ದೊರೆಯಿತು. ಹೊರಗೆ ಹೋದವರು ಮಾತ್ರ ವಾಲ್ಕಿಯಲ್ಲೇ ಉಳಿದರು.

ಈ ಗೊಡವೆಯೇ ಬೇಡವೆಂದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಕಡೆಗೆ ಹೊರಳುವವರೂ ಉಂಟು. ಅದು 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಮೊಳೆತದ್ದು. ಒಬ್ಬನೇ ಯಜಮಾನನಿಲ್ಲ, ಪತ್ರವನ್ನು ರಾತ್ರೋರಾತ್ರಿ ಬದಲಾಯಿಸುವ ಅಧಿಕಾರ ಯಾವ ಒಂದು ಕಂಪನಿಗೂ ಇಲ್ಲ. ಅದನ್ನೂ ಕ್ಲೌಡಿನವರು ಬಡಿಸುತ್ತಾರೆ, ಚೆನ್ನಾಗಿ ದುಡ್ಡನ್ನೂ ಮಾಡುತ್ತಾರೆ. ಲೈಸೆನ್ಸಿನಲ್ಲಿ ಅದಕ್ಕೆ ತಡೆಯಿಲ್ಲ.