ಬಣ್ಣ ತೊಳೆದವರು, ಕೈ ತೊಳೆದುಕೊಂಡವರು

ಬಂಕಿನಲ್ಲಿ ಮೀಟರ್ ಸೊನ್ನೆಗೆ ಬಂತಾ ಅಂತ ಕಣ್ಣಿಟ್ಟು ನೋಡ್ತೀವಿ. ಪೈಪಿನಿಂದ ಬರ್ತಿರೋದು ಪೂರ್ತಿ ಪೆಟ್ರೋಲೇನಾ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ಹಾಗೆ ಕೇಳಿದವನು ನಮ್ಮ ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ. ಮೈಸೂರಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ, ಆಮೇಲೆ ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡ್ತಿದ್ದ ಬಂಕಿಗೆ ಬೀಗ ಹಾಕಿಸಿದ. ಅದು ಮತ್ತೆ ತೆರೆದಾಗ ತಪಾಸಣೆಗೆ ಹೋದ. 2005ರ ನವೆಂಬರ್ 19ರಂದು ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು ಬರೀ 27. ಆಮೇಲೆ ಅವನ ಬಗ್ಗೆ ಸಿನಿಮಾ ಬಂತು. ನಾವು ಕಣ್ಣೊರೆಸಿಕೊಂಡೆವು. ಅಲ್ಲಿಗೆ ಮುಗೀತು.

ನಂಗೆ ಸಿಟ್ಟು ಬರೋದು ಇಲ್ಲೇ. ಪ್ರಾಮಾಣಿಕ ಅಧಿಕಾರಿಯನ್ನು ಹುತಾತ್ಮ ಅಂತ ಹೊಗಳೋದು ಸುಲಭ. ಅವನು ಸಾಯದ ಹಾಗೆ ವ್ಯವಸ್ಥೆ ಮಾಡೋದು ಕಷ್ಟ.

ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದು ಯಾಕೆ? ಡೀಸೆಲ್‌ಗೆ ಬೆರೆಸಿದರೆ ಗೊತ್ತಾಗಲಿ ಅಂತ. ದಂಧೆಯವರು ಬಣ್ಣವನ್ನೇ ತೆಗೆಯೋದು ಕಲಿತರು. 2006ರಲ್ಲಿ ಸರ್ಕಾರ ಕಣ್ಣಿಗೆ ಕಾಣದ ಮಾರ್ಕರ್ ರಾಸಾಯನಿಕ ಬೆರೆಸಿತು. ಅದನ್ನೂ ತೊಳೆಯಬಹುದು ಅಂತ ಗೊತ್ತಾಯ್ತು. 2008ರ ಕೊನೆಗೆ ಆ ಯೋಜನೆಯೇ ನಿಂತಿತು. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನ್ಮಾಡ್ ಹತ್ತಿರ, ಎಣ್ಣೆ ಕಳ್ಳತನ ಹಿಡಿಯಲು ಹೋದ ಹೆಚ್ಚುವರಿ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಜೀವಂತ ಸುಟ್ಟರು. ಮತ್ತೆ ದಾಳಿ, ಮತ್ತೆ ಮಾರ್ಕರ್ ಮಾತು.

ಸ್ವಾಮಿ, ರೋಗ ಬಣ್ಣದಲ್ಲಿಲ್ಲ, ಬೆಲೆಯಲ್ಲಿದೆ. ಒಂದೇ ಇಂಜಿನ್‌ನಲ್ಲಿ ಉರಿಯೋ ಎರಡು ಎಣ್ಣೆಗಳ ಬೆಲೆಯಲ್ಲಿ ಅಷ್ಟು ಅಂತರ ಇಟ್ಟರೆ, ಆ ಅಂತರವೇ ದಂಧೆಕೋರನ ಸಂಬಳ. 2016ರಿಂದ ಸೀಮೆಎಣ್ಣೆ ಬೆಲೆಯನ್ನ 25 ಪೈಸೆಯಂತೆ ಮೆಲ್ಲಗೆ ಏರಿಸುತ್ತಾ ಬಂದಾಗ ಆ ಸಂಬಳ ಕರಗತೊಡಗಿತು. ಮಾರ್ಕರ್ ಮುಟ್ಟದ ಬೇರನ್ನು ಈ ಪುಡಿಗಾಸು ಮುಟ್ಟಿತು.

"ಬಡವರ ಸಬ್ಸಿಡಿ ಕಿತ್ಕೊಳ್ಳಿ ಅಂತೀರಾ?" ಅಂತ ಕೇಳಬಹುದು. ಇಲ್ಲ. ಸಬ್ಸಿಡಿಯನ್ನು ಮನೆಯವರ ಖಾತೆಗೆ ಹಾಕಿ, ಡ್ರಮ್ಮಿಗೆ ಹಾಕಬೇಡಿ ಅಂತೀನಿ. ಡ್ರಮ್ಮು ಬಡವರ ಮನೆ ತಲುಪೋ ಮೊದಲೇ ದಾರಿ ತಪ್ಪುತ್ತೆ.

ಕಥೆ ಮುಗಿದಿಲ್ಲ. ಕಾರ್ಖಾನೆಗೆ ಹೋಗೋ ನಾಫ್ತಾ, ಸಾಲ್ವೆಂಟ್‌ಗಳು ಜಿಎಸ್‌ಟಿ ಒಳಗಿವೆ. ಪೆಟ್ರೋಲ್, ಡೀಸೆಲ್ ಹೊರಗಿವೆ, ಅವುಗಳ ಮೇಲೆ ಕೇಂದ್ರದ ಸುಂಕ, ರಾಜ್ಯದ ವ್ಯಾಟ್ ಎರಡೂ ಬೀಳುತ್ತವೆ. ಅಂತರ ಇನ್ನೂ ಇದೆ ಅಂದಮೇಲೆ ಆಸೆಯೂ ಇದೆ. ಸಾಲ್ವೆಂಟ್ ಮಾರಾಟಕ್ಕೆ 2000ದಿಂದಲೇ ನಿಯಂತ್ರಣ ಆದೇಶ ಇದೆ. ಹಾಗಾದ್ರೆ ಯಾರು ಎಷ್ಟು ಕೊಂಡರು, ಎಲ್ಲಿ ಬಳಸಿದರು ಅನ್ನೋ ಲೆಕ್ಕ ಲೀಟರ್ ಲೀಟರ್‌ಗೂ ಸಿಗಬೇಕು. ಪ್ರತಿ ಬಂಕಿನ ಪರೀಕ್ಷಾ ಫಲಿತಾಂಶ ಜನರ ಕಣ್ಣಿಗೆ ಬೀಳಬೇಕು. ತಪಾಸಣೆಗೆ ಯಾವ ಅಧಿಕಾರಿಯನ್ನೂ ಒಬ್ಬನೇ ಕಳಿಸಬಾರದು.

ನಾವೇನು ಮಾಡಬಹುದು? ಮುಂದಿನ ಸಲ ಬಂಕಲ್ಲಿ ಫಿಲ್ಟರ್ ಪೇಪರ್ ಕೇಳಿ, ಅದು ನಿಮ್ಮ ಹಕ್ಕು. ಒಂದು ಹನಿ ಪೆಟ್ರೋಲ್ ಬಿಡಿ, ಆರಿದ ಮೇಲೆ ಕಲೆ ಉಳಿದರೆ ಅನುಮಾನ ಪಡಿ. ಇದರಿಂದ ಎಲ್ಲಾ ಕಳ್ಳರೂ ಸಿಗಲ್ಲ. ಆದ್ರೆ ಹಿಂದೆ ನಿಂತಿರೋ ಬೈಕಿನವನು ಹಾರ್ನ್ ಹೊಡೆದಾಗ ಜಗ್ಗಬೇಡಿ. ಎರಡು ನಿಮಿಷ ತಡ ಆಗುತ್ತೆ, ಅಷ್ಟೇ. ಮಂಜುನಾಥ್ ಇದಕ್ಕಿಂತ ಜಾಸ್ತಿ ಕೊಟ್ಟಿದ್ದಾನೆ.