ಸುಟ್ಟ ಸುರುಳಿಯ ತಪ್ಪೇನು?

ಕೆಟ್ಟ ಯಂತ್ರವೊಂದು ಎದುರಿಗೆ ಬಂದಾಗ ನಮ್ಮಲ್ಲಿ ಬಹುಮಂದಿ ಕೇಳುವ ಮೊದಲ ಪ್ರಶ್ನೆ ‘ಯಾವ ಭಾಗವನ್ನು ಬದಲಿಸಬೇಕು?’ ಎಂಬುದು. ಕೇಳಬೇಕಾದ ಪ್ರಶ್ನೆ ‘ಇದು ಏಕೆ ಕೆಟ್ಟಿತು?’ ಎಂಬುದು. ಇವೆರಡರ ಅಂತರ ಅಲ್ಪವೆಂದು ತೋರಬಹುದು. ಆದರೆ ಮೊದಲನೆಯದು ಅಂಗಡಿಯ ಪ್ರಶ್ನೆ, ಎರಡನೆಯದು ವಿಜ್ಞಾನದ ಪ್ರಶ್ನೆ. ವಿದ್ಯಾರ್ಥಿಗಳ ಕೈಗೆ ಸರಿಯಾಗಿರುವ ಉಪಕರಣಗಳನ್ನು ಮಾತ್ರ ಕೊಟ್ಟರೆ ಸಾಲದು, ಕೆಟ್ಟ ಉಪಕರಣಗಳನ್ನೂ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಇದರ ಸಮರ್ಥನೆಗಾಗಿ ಹಳೆಯದೊಂದು ಆಟದ ಯಂತ್ರವನ್ನು ಸಾಕ್ಷಿಗೆ ಕರೆಯುತ್ತೇವೆ.

ಪಿನ್‌ಬಾಲ್ ಎಂಬ ಆಟದ ಯಂತ್ರಗಳಿಗೆ ಅಮೆರಿಕದ ಷಿಕಾಗೋ ನಗರ ತವರುಮನೆ. ಗಾಜು ಮುಚ್ಚಿದ ಇಳಿಜಾರಾದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗೋಲಿ, ಗೋಲಿ ತಾಕಿದ ಗುರಿಗೆ ತಕ್ಕಂತೆ ಅಂಕ: ಇಷ್ಟೇ ಆಟ. ಮೊದಮೊದಲು ಗೋಲಿಯನ್ನು ಚಿಮ್ಮಿ ಬಿಟ್ಟ ಮೇಲೆ, ಯಂತ್ರವನ್ನು ಅಷ್ಟಿಷ್ಟು ಅಲುಗಿಸುವುದನ್ನುಳಿದು ಆಟಗಾರನಿಗೆ ಬೇರೆ ಕೆಲಸವಿರಲಿಲ್ಲ. 1947ರಲ್ಲಿ ಗಾಟ್ಲೀಬ್ ಸಂಸ್ಥೆಯ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರಕ್ಕೆ ಹ್ಯಾರಿ ಮೇಬ್ಸ್ ಎಂಬ ವಿನ್ಯಾಸಕಾರನು ವಿದ್ಯುಚ್ಛಕ್ತಿಯಿಂದ ಆಡುವ ಆರು ಪುಟ್ಟ ಕೈಗಳನ್ನು ಅಳವಡಿಸಿದನು. ಇವೇ ಫ್ಲಿಪ್ಪರುಗಳು. ಪಕ್ಕದಲ್ಲಿರುವ ಗುಂಡಿಯನ್ನೊತ್ತಿದೊಡನೆ ಫ್ಲಿಪ್ಪರು ಚಟ್ಟನೆ ತಿರುಗಿ, ಜಾರಿ ಬರುತ್ತಿರುವ ಗೋಲಿಯನ್ನು ಹೊಡೆದು ಅಟ್ಟುತ್ತದೆ. ಅದೃಷ್ಟವೇ ಪ್ರಧಾನವಾಗಿದ್ದ ಆಟದಲ್ಲಿ ಕುಶಲತೆಗೆ ಎಡೆ ದೊರೆತುದು ಹೀಗೆ. ಜೂಜೆಂದು ಬಗೆದು 1942ರಲ್ಲಿ ಪಿನ್‌ಬಾಲನ್ನು ನಿಷೇಧಿಸಿದ್ದ ನ್ಯೂಯಾರ್ಕ್ ನಗರವು 1976ರಲ್ಲಿ ಆ ನಿಷೇಧವನ್ನು ತೆಗೆಯುವಾಗಲೂ, ಇದು ಕುಶಲತೆಯ ಆಟವೆಂಬ ವಾದವೇ ಮುಂದಿದ್ದಿತು. ಆದುದರಿಂದ ಫ್ಲಿಪ್ಪರು ಸೋತ ಯಂತ್ರವೆಂದರೆ ಮತ್ತೆ ಹಳೆಯ ಅದೃಷ್ಟದ ಪೆಟ್ಟಿಗೆಯೇ.

ವಿದ್ಯುತ್ ಗಂಟೆಯ ರಚನೆಯನ್ನು ಪಠ್ಯಪುಸ್ತಕದಲ್ಲಿ ಓದಿದವರಿಗೆ ಫ್ಲಿಪ್ಪರು ತೀರ ಅಪರಿಚಿತವಲ್ಲ. ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಪ್ರವಾಹ ಹರಿದಾಗ ಅದು ಅಯಸ್ಕಾಂತವಾಗಿ, ಕಬ್ಬಿಣದ ಸರಳೊಂದನ್ನು ತನ್ನೊಳಕ್ಕೆ ಸೆಳೆಯುತ್ತದೆ. ಸರಳಿಗೆ ತಗುಲಿಸಿದ ಕೊಂಡಿಯು ಫ್ಲಿಪ್ಪರನ್ನು ತಿರುಗಿಸುತ್ತದೆ. ಗುಂಡಿಯನ್ನು ಬಿಟ್ಟಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತದೆ.

ಇಲ್ಲಿ ಒಂದು ತೊಡಕಿದೆ. ಗೋಲಿಯನ್ನು ಬಲವಾಗಿ ಹೊಡೆಯಲು ದೊಡ್ಡ ಪ್ರವಾಹ ಬೇಕು. ಆದರೆ ಆಟಗಾರನು ಗುಂಡಿಯನ್ನು ಒತ್ತಿಯೇ ಹಿಡಿದುಕೊಂಡರೆ ಅದೇ ಪ್ರವಾಹ ಸುರುಳಿಯನ್ನು ಸುಟ್ಟುಬಿಡುತ್ತದೆ. ಈ ತೊಡಕಿಗೆ ಯಂತ್ರಜ್ಞರು ಕಂಡುಕೊಂಡ ಪರಿಹಾರ ಬಹು ಸೊಗಸಾದುದು. ಸುರುಳಿಯಲ್ಲಿ ಎರಡು ಸುತ್ತುಗಳಿವೆ. ದಪ್ಪ ತಂತಿಯದು ಹೊಡೆತದ ಸುತ್ತು, ಸಣ್ಣ ತಂತಿಯದು ಹಿಡಿತದ ಸುತ್ತು. ಎರಡನ್ನೂ ಶ್ರೇಣಿಯಲ್ಲಿ ಜೋಡಿಸಿದೆ. ಹಿಡಿತದ ಸುತ್ತಿಗೆ ಅಡ್ಡದಾರಿಯಾಗಿ ಪುಟ್ಟ ಸ್ವಿಚ್ಚೊಂದಿದೆ. ಮೊದಲು ಅದು ಮುಚ್ಚಿರುವುದರಿಂದ ಪ್ರವಾಹವು ಹಿಡಿತದ ಸುತ್ತನ್ನು ಬಳಸಿಕೊಂಡು ಹೊಡೆತದ ಸುತ್ತಿನಲ್ಲಿ ಮಾತ್ರ ಹರಿಯುತ್ತದೆ. ಫ್ಲಿಪ್ಪರು ತನ್ನ ಓಟದ ಕೊನೆಯನ್ನು ಮುಟ್ಟಿದಾಗ, ತಾನೇ ಆ ಸ್ವಿಚ್ಚನ್ನು ಎರಡು ಮೂರು ಮಿಲಿಮೀಟರಿನಷ್ಟು ತೆರೆಯುತ್ತದೆ. ಆಗ ಪ್ರವಾಹವು ಎರಡೂ ಸುತ್ತುಗಳನ್ನು ಹಾದು ಹೋಗಬೇಕಾಗುತ್ತದೆ. ಇದನ್ನು ‘ಕೊನೆಯ ಸ್ವಿಚ್ಚು’ ಎಂದು ಕರೆಯೋಣ.

ಓಮನ ನಿಯಮದಂತೆ ಲೆಕ್ಕ ಹಾಕಿ ನೋಡೋಣ. 25 ವೋಲ್ಟಿನ ಒತ್ತಡವಿದೆ, ಹೊಡೆತದ ಸುತ್ತಿನ ರೋಧ 2.5 ಓಮ್ ಎಂದಿಟ್ಟುಕೊಂಡರೆ, ಪ್ರವಾಹ 10 ಆಂಪೇರ್, ವ್ಯಯವಾಗುವ ಶಕ್ತಿ 250 ವಾಟ್. ಹಿಡಿತದ ಸುತ್ತೂ ಸೇರಿ ರೋಧ 100 ಓಮ್ ಆದಾಗ ಪ್ರವಾಹ ಕಾಲು ಆಂಪೇರ್, ಶಕ್ತಿ ಸುಮಾರು 6 ವಾಟ್ ಮಾತ್ರ. ಹಳೆಯ ಯಂತ್ರಗಳಲ್ಲಿ ಪರ್ಯಾಯ ಪ್ರವಾಹವಿದ್ದಾಗ ಅಂಕಿಗಳು ಕೊಂಚ ಬದಲಾದರೂ ತತ್ತ್ವ ಒಂದೇ. ಸುಮಾರು 40 ಪಟ್ಟಿನ ಈ ವ್ಯತ್ಯಾಸವನ್ನು ಕಾಯುತ್ತಿರುವುದು ಆ ಪುಟ್ಟ ಸ್ವಿಚ್ಚು.

ಈಗ ರೋಗಲಕ್ಷಣಗಳನ್ನು ನೋಡೋಣ. ಎರಡು ಫ್ಲಿಪ್ಪರುಗಳೂ ಒಮ್ಮೆಗೇ ನಿಂತಿದ್ದರೆ ದೋಷ ಅವೆರಡಕ್ಕೂ ಸಮಾನವಾದ ಎಡೆಯಲ್ಲಿ, ಎಂದರೆ ಫ್ಯೂಸಿನಲ್ಲಿಯೋ ವಿದ್ಯುತ್ತು ಬರುವ ದಾರಿಯಲ್ಲಿಯೋ ಇರಬಹುದು. ಒಂದೇ ನಿಂತಿದ್ದರೆ ಅದರ ಗುಂಡಿ, ತಂತಿ, ಸುರುಳಿಗಳನ್ನು ಶಂಕಿಸಬೇಕು. ಫ್ಲಿಪ್ಪರು ದುರ್ಬಲವಾಗಿದ್ದರೆ, ಮೊದಲು ಯಂತ್ರದ ಪ್ಲಗ್ಗನ್ನು ಕಿತ್ತು, ಕೈಯಿಂದಲೇ ಅದನ್ನು ಆಡಿಸಿ ನೋಡಬೇಕು. ಬಿಗಿಯಾಗಿ ಆಡಿದರೆ ವಿದ್ಯುತ್ತಿನದಲ್ಲ ದೋಷ. ಸರಳಿನ ಕೊಳವೆಯಲ್ಲಿ ಕೊಳೆ ಕಟ್ಟಿರಬಹುದು, ಇಲ್ಲವೆ ಸಾವಿರಾರು ಪೆಟ್ಟುಗಳಿಂದ ಸರಳಿನ ತುದಿ ಅಣಬೆಯಂತೆ ಅಗಲವಾಗಿರಬಹುದು. ಸಡಿಲವಾಗಿ ಅಲ್ಲಾಡಿದರೆ ಕೊಂಡಿ ಸವೆದಿರಬಹುದು. ಸರಾಗವಾಗಿ ಆಡಿದರೆ, ಮತ್ತೆ ವಿದ್ಯುತ್ತನ್ನು ಕೊಟ್ಟು, ಗುಂಡಿಯನ್ನೊತ್ತಿ, ಬೆರಳಿನಿಂದ ಫ್ಲಿಪ್ಪರನ್ನು ಮೇಲಕ್ಕೆತ್ತಬೇಕು. ಅದು ಅಲ್ಲಿಯೇ ನಿಂತರೆ ಹಿಡಿತದ ಸುತ್ತು ತುಂಡಾಗಿಲ್ಲ, ಸುರುಳಿಯ ವರೆಗೆ ದಾರಿಯೂ ಇದೆ ಎಂದಾಯಿತು. ಆಗ ಕೊನೆಯ ಸ್ವಿಚ್ಚಿನ ಮೈ ಮಸಿಗಟ್ಟಿ, ಅಡ್ಡದಾರಿ ಮುಚ್ಚಿಹೋಗಿ, ಮೊದಲಿನಿಂದಲೂ ಸಣ್ಣ ಪ್ರವಾಹವೇ ಹರಿಯುತ್ತಿರುವ ಸಂಭವ ಹೆಚ್ಚು.

ಇನ್ನು ಕೆಲವೊಮ್ಮೆ ಗುಂಡಿಯನ್ನು ಒತ್ತಿ ಹಿಡಿದಾಗ ಫ್ಲಿಪ್ಪರು ಮೇಲೇರಿ, ಬಿದ್ದು, ಮತ್ತೆ ಏರಿ, ಪಟಪಟನೆ ಬಡಿದುಕೊಳ್ಳುತ್ತದೆ. ಇದು ನಮ್ಮ ವಿದ್ಯುತ್ ಗಂಟೆಯೇ ಅಲ್ಲವೆ? ಹಿಡಿತದ ಸುತ್ತು ತುಂಡಾಗಿದ್ದರೆ, ಕೊನೆಯ ಸ್ವಿಚ್ಚು ತೆರೆದೊಡನೆ ಮಂಡಲ ಕಡಿಯುತ್ತದೆ. ಫ್ಲಿಪ್ಪರು ಬೀಳುತ್ತದೆ, ಬಿದ್ದೊಡನೆ ಸ್ವಿಚ್ಚು ಮುಚ್ಚುತ್ತದೆ, ಮತ್ತೆ ಪ್ರವಾಹ ಹರಿಯುತ್ತದೆ. ಗಂಟೆಯಲ್ಲಿ ಬೇಕೆಂದೇ ಇಟ್ಟ ಗುಣ ಇಲ್ಲಿ ರೋಗವಾಗಿ ಕಾಣಿಸಿಕೊಳ್ಳುತ್ತದೆ. ಗಂಟೆಯ ಪಾಠವನ್ನು ಬಾಯಿಪಾಠ ಮಾಡಿದವನಿಗೆ ಇದು ಹೊಳೆಯಲಾರದು. ಅರಿತವನಿಗೆ ಮಾತ್ರ ಕಣ್ಣು ಮುಚ್ಚಿ ಶಬ್ದ ಕೇಳಿದರೂ ಹೊಳೆದೀತು.

ಕಡೆಯ ಲಕ್ಷಣವೇ ನಮ್ಮ ವಾದದ ತಿರುಳು. ಸುರುಳಿ ಕಾದು ಹೊಗೆಯಾಡಿ ಸುಟ್ಟಿದೆ. ಅವಸರದ ಕೈ ಹೊಸ ಸುರುಳಿಯನ್ನು ತಂದು ಬೆಸೆಯುತ್ತದೆ. ಆದರೆ ಕೊನೆಯ ಸ್ವಿಚ್ಚು ತೆರೆಯದೆ ಉಳಿದುದೇ ಮೊದಲ ಸುರುಳಿಯ ನಾಶಕ್ಕೆ ಕಾರಣವಾಗಿದ್ದರೆ, ಹೊಸದಕ್ಕೂ ಅದೇ ಗತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಸುಟ್ಟ ಸುರುಳಿ ಅಪರಾಧಿಯಲ್ಲ, ಅಪರಾಧಕ್ಕೆ ಬಲಿಯಾದುದು. ಕಣ್ಣಿಗೆ ಮೊದಲು ಬೀಳುವ ಹಾನಿಯನ್ನೇ ಕಾರಣವೆಂದು ಬಗೆಯುವುದು ಯಂತ್ರಗಳ ವಿಷಯದಲ್ಲಿ ಮಾತ್ರ ನಾವು ಮಾಡುವ ತಪ್ಪಲ್ಲ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ದುಡಿಯುವವನ ವೇಳೆಗೆ ಬೆಲೆಯಿದೆ. ಒಂದು ಗಂಟೆ ವಿಚಾರ ಮಾಡುವುದಕ್ಕಿಂತ ಐದು ನಿಮಿಷದಲ್ಲಿ ಭಾಗವನ್ನು ಬದಲಿಸುವುದೇ ಲಾಭವೆಂದು ಕೆಲವರು ಹೇಳಿಯಾರು. ಕಾರಣ ತಿಳಿದ ಮೇಲೆ ಬದಲಿಸುವುದಾದರೆ ನಮ್ಮ ಅಡ್ಡಿಯಿಲ್ಲ. ತಿಳಿಯದೆ ಬದಲಿಸಿದಾಗ ಆ ಐದು ನಿಮಿಷಗಳು ಮತ್ತೆ ಮತ್ತೆ ಬರುತ್ತವೆ. ಈ ಹಳೆಯ ಯಂತ್ರದ ಜ್ಞಾನ ಇಂದು ಏತಕ್ಕೆ ಎಂದು ಇನ್ನು ಕೆಲವರು ಕೇಳಬಹುದು. ಈಚಿನ ಕೆಲವು ಯಂತ್ರಗಳಲ್ಲಿ ಹಿಡಿತದ ಪ್ರವಾಹವನ್ನು ಗಣಕವೇ ನಿಯಂತ್ರಿಸುತ್ತದೆ. ಅಲ್ಲಿ ಕೊನೆಯ ಸ್ವಿಚ್ಚು ಮೊದಲು ತೆರೆದಿದ್ದು, ಕೊನೆಯಲ್ಲಿ ಮುಚ್ಚಿ, ಗಣಕಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ಹಿಂದಿನ ಸೂತ್ರವನ್ನು ಕುರುಡಾಗಿ ಅಲ್ಲಿಗೆ ಒಯ್ದರೆ ಸರಿಯಿರುವುದನ್ನೂ ಕೆಡಿಸುತ್ತೇವೆ. ಸೂತ್ರ ಹಳತಾಗಬಹುದು, ಆದರೆ ವಿಚಾರದ ಕ್ರಮ ಹಳತಾಗುವುದಿಲ್ಲ. ಲಕ್ಷಣವನ್ನು ನೋಡುವುದು, ಸಂಭವನೀಯ ಕಾರಣಗಳನ್ನು ಎಣಿಸುವುದು, ಒಂದೊಂದು ಪರೀಕ್ಷೆಯಿಂದ ಒಂದೊಂದನ್ನು ತಳ್ಳಿಹಾಕುವುದು, ಒಮ್ಮೆಗೆ ಒಂದನ್ನೇ ಬದಲಿಸುವುದು: ಇದೇ ಆ ಕ್ರಮ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ನಡೆದರೂ ಯಾವುದರಿಂದ ನಡೆಯಿತೆಂದು ತಿಳಿಯುವುದಿಲ್ಲ.

ನಮ್ಮ ಶಾಲೆಗಳು ಪಿನ್‌ಬಾಲ್ ಯಂತ್ರಗಳನ್ನು ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಒಂದು ವಿದ್ಯುತ್ ಗಂಟೆ, ಒಂದೆರಡು ಬ್ಯಾಟರಿ ಸೆಲ್ಲು, ನಾಲ್ಕು ಮೊಳ ತಂತಿ ಸಾಕು. ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಕಾಣದಂತೆ ಒಂದು ತಿರುಪನ್ನು ಸಡಿಲಿಸಲಿ, ಇಲ್ಲವೆ ಗಂಟೆಯ ಸ್ಪರ್ಶಬಿಂದುವಿನಲ್ಲಿ ಕಾಗದದ ಚೂರೊಂದನ್ನು ಸಿಕ್ಕಿಸಲಿ. ವಿದ್ಯಾರ್ಥಿಯು ಗಂಟೆಯನ್ನು ಬಾರಿಸಿದ್ದಕ್ಕೆ ಅರ್ಧ ಅಂಕ ಸಿಗಲಿ, ದೋಷವನ್ನು ಹೇಗೆ ಕಂಡುಹಿಡಿದೆನೆಂದು ಬರೆದುದಕ್ಕೆ ಉಳಿದರ್ಧ ಸಿಗಲಿ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ವಿದ್ಯಾರ್ಥಿಯು ಪುಸ್ತಕವನ್ನು ನಂಬಲು ಕಲಿಯುತ್ತಾನೆ. ಕೆಟ್ಟ ಗಂಟೆಯ ಮುಂದೆ ಕುಳಿತವನು ತನ್ನ ಬುದ್ಧಿಯನ್ನು ನಂಬಲೂ, ಅದು ತಪ್ಪಿದಾಗ ತಿದ್ದಿಕೊಳ್ಳಲೂ ಕಲಿಯುತ್ತಾನೆ. ನಾಳೆ ಅವನ ಎದುರಿಗೆ ಬರುವ ಯಂತ್ರ ಯಾವುದೋ ನಾವು ಅರಿಯೆವು. ಆದರೆ ಅದು ಕೆಡುವುದಂತೂ ನಿಶ್ಚಯ. ಅಂದು ಅವನು ‘ಏಕೆ?’ ಎಂದು ಕೇಳುವಂತಾದರೆ ನಮ್ಮ ಶಿಕ್ಷಣ ಸಾರ್ಥಕವಾದಂತೆ.