ಪರದೇಶದ ಫೋನು, ಊರಿನ ಹಳಿ

ತೊಂಬತ್ತರ ದಶಕದಲ್ಲಿ ನಮ್ಮ ಭಾಗದ ರೈಲುಹಳಿಗಳು ಅಗಲವಾಗುವುದಕ್ಕೆ ಮುಂಚೆ ಹುಬ್ಬಳ್ಳಿಯಿಂದ ಮುಂಬಯಿಗೆ ಪ್ರಯಾಣ ಮಾಡಿದವರಿಗೆ ಮಿರಜದ ನಿಲ್ದಾಣವು ಚೆನ್ನಾಗಿ ನೆನಪಿರುವುದು. ಹಾಸಿಗೆಯ ಸುರುಳಿ, ಟ್ರಂಕು, ಬುತ್ತಿಯ ಗಂಟು, ನಿದ್ದೆಗಣ್ಣಿನ ಮಕ್ಕಳು, ಇವೆಲ್ಲವನ್ನೂ ಇಳಿಸಿಕೊಂಡು ಬೇರೊಂದು ಗಾಡಿಯನ್ನು ಹುಡುಕಿ ಏರಬೇಕಾಗುತ್ತಿದ್ದಿತು; ಏಕೆಂದರೆ ಇತ್ತ ಕಡೆಯ ಹಳಿಗಳ ಅಂತರವು ಒಂದು ಮೀಟರು, ಅತ್ತ ಕಡೆಯದು 1676 ಮಿಲಿಮೀಟರು. ಇಂಜಿನ್ನು ಎಷ್ಟೇ ಬಲಿಷ್ಠವಾಗಿದ್ದರೂ ತನ್ನದಲ್ಲದ ಹಳಿಯ ಮೇಲೆ ಒಂದು ಮಾರೂ ಚಲಿಸಲಾರದೆಂಬುದನ್ನು ರೈಲ್ವೆ ಕಾರ್ಖಾನೆಯ ಊರಾದ ಹುಬ್ಬಳ್ಳಿಗೆ ಯಾರೂ ಬೋಧಿಸಬೇಕಾದುದಿಲ್ಲ. ಪರದೇಶದಲ್ಲಿ ಕೊಂಡ ಮೊಬೈಲು ಫೋನಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಅದನ್ನು ಮಾತ್ರ ನಾವು ಹಣ ತೆತ್ತ ಮೇಲೆ ಕಲಿಯುತ್ತಿದ್ದೇವೆ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ನೆರೆಮನೆಯವರಾದ ನಿವೃತ್ತ ಶಿಕ್ಷಕಿಯೊಬ್ಬರಿಗೆ, ಅಮೇರಿಕದಲ್ಲಿ ಉದ್ಯೋಗದಲ್ಲಿರುವ ಅವರ ಮಗನು, ಊರಿಗೆ ಹೊರಟಿದ್ದ ಗೆಳೆಯನ ಕೈಯಲ್ಲಿ ಬೆಲೆಬಾಳುವ ಫೋನೊಂದನ್ನು ಕಳುಹಿಸಿಕೊಟ್ಟನು. ತಮ್ಮ ಸಿಮ್ಮನ್ನು ಹಾಕಲೆಂದು ಅದರ ನಾಲ್ಕೂ ಅಂಚುಗಳನ್ನು ತಡವಿ ನೋಡಿದ ಆ ತಾಯಿಗೆ ಎಲ್ಲಿಯೂ ತೂತೇ ಕಾಣಲಿಲ್ಲ. ಚಿಗರಿ ಬಸ್ಸನ್ನೇರಿ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹೋದಾಗ, ಅಂಗಡಿಯ ತರುಣನು ಸೆಟ್ಟಿಂಗ್ಸನ್ನು ತೆರೆದು ನೋಡಿ ಎರಡು ಸಂಗತಿಗಳನ್ನು ತಿಳಿಸಿದನು: ಇದರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಅದೂ ಅಲ್ಲದೆ ಇದು ಅಲ್ಲಿನ ಕಂಪನಿಯೊಂದಕ್ಕೆ ಲಾಕ್ ಆಗಿದೆ. "ಮಗಾ ಕೊಟ್ಟಿದ್ದು ಅಂತ ಚೀಲದಾಗ ಇಟ್ಕೊಂಡು ಅಡ್ಡಾಡತೇನ್ರಿ, ಅವನ ಧ್ವನಿ ಮಾತ್ರ ಹಳೇ ಡಬ್ಬಾದಾಗ ಕೇಳತೇನ್ರಿ," ಎಂದು ಅವರು ನನ್ನೆದುರು ಹೇಳಿದಾಗ ನನಗಾದ ಸಂಕಟವೇ ಈ ಲೇಖನಕ್ಕೆ ಕಾರಣ.

ಮಗನು ಅಜಾಗರೂಕನಲ್ಲ. 2022ರ ಐಫೋನ್ 14ರಿಂದ ಮೊದಲುಗೊಂಡು ಅಮೇರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ಮಿನ ತಟ್ಟೆಯೇ ಇಲ್ಲ. ಇಸಿಮ್ ಎಂಬ ಅಗೋಚರವಾದ ಸಿಮ್ಮೊಂದೇ ಅವಕ್ಕೆ ಗತಿ. ತದ್ವಿರುದ್ಧವಾಗಿ ಚೀನಾದ ಮುಖ್ಯಭೂಮಿಯಲ್ಲಿ ಅದೇ ಹೆಸರಿನ ಫೋನು ಎರಡು ಸಿಮ್ಮುಗಳ ತಟ್ಟೆಯೊಡನೆ ಮಾರಾಟವಾಯಿತು. ಹೆಸರೊಂದೇ, ಒಡಲು ಬೇರೆ. ಆದುದರಿಂದ ಕೊಳ್ಳುವವರು ನೋಡತಕ್ಕದ್ದು ಹೆಸರನ್ನಲ್ಲ, ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಮಾಡೆಲ್ ಸಂಖ್ಯೆಯನ್ನು. ಇನ್ನು ಲಾಕಿನ ಮಾತು: ಕಂತಿನ ಮೇಲೆ ಕೊಂಡ ಫೋನಿನ ಬಾಕಿಯು ತೀರುವವರೆಗೆ ಅದು ಅನ್ಯ ಕಂಪನಿಯ ಸಿಮ್ಮನ್ನು ಸ್ವೀಕರಿಸದಂತೆ ಬಂಧಿಸಿಡುವ ಪದ್ಧತಿಯು ಅಮೇರಿಕದಲ್ಲಿ ಇಂದಿಗೂ ಉಂಟು. ಕೆನಡಾ 2017ರಲ್ಲಿಯೂ, ಬ್ರಿಟನ್ ಮತ್ತು ಜಪಾನ್ ದೇಶಗಳು 2021ರಲ್ಲಿಯೂ ಇದಕ್ಕೆ ನಿಷೇಧವನ್ನು ವಿಧಿಸಿದವು.

ಲಾಕು ತೆರೆದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ತಿಳಿಯಲಾಗದು. ಹಳಿಯ ಪ್ರಶ್ನೆ ಬರುವುದೇ ಇಲ್ಲಿ. ನಮ್ಮ ದೇಶದ ಹಳೆಯ 2ಜಿ ಜಾಲವು 900 ಮತ್ತು 1800 ಮೆಗಾಹರ್ಟ್ಸ್ ತರಂಗಗಳಲ್ಲಿ ಬೆಳೆದುದು. ಅಮೇರಿಕದ್ದು 850 ಮತ್ತು 1900ರಲ್ಲಿ. ನಮ್ಮ 4ಜಿಯು 850, 900, 1800, 2100, 2300, 2500 ಹೀಗೆ ಹಲವು ಬ್ಯಾಂಡುಗಳಲ್ಲಿ ಹಂಚಿಹೋಗಿದೆ; 5ಜಿಯು ಬಹುಮಟ್ಟಿಗೆ 3300ರಲ್ಲಿಯೂ, ಜಿಯೋದ ವಿಷಯದಲ್ಲಿ 700ರಲ್ಲಿಯೂ ಇದೆ. ದುಬಾರಿಯ ಫೋನುಗಳು ಇವುಗಳಲ್ಲಿ ಬಹಳಷ್ಟನ್ನು ಬಲ್ಲವು. ಅಲ್ಲಿನ ಕಂಪನಿಗಳು ತಮಗಾಗಿಯೇ ಮಾಡಿಸಿದ ಅಗ್ಗದ ಫೋನುಗಳಿಗೆ ಕೆಲವು ತಿಳಿದಿರುತ್ತವೆ, ಕೆಲವು ತಿಳಿದಿರುವುದಿಲ್ಲ. ಅಂಥ ಫೋನು ಪೇಟೆಯ ನಡುವೆ ಮಾತನಾಡಿ, ಮನೆಯ ಒಳಕೋಣೆಯಲ್ಲಿ ಮೂಕವಾಗುವುದು. ನಾವು "ರೇಂಜ್ ಇಲ್ಲ" ಎಂದು ಟವರನ್ನು ದೂರುವೆವು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ವೋಲ್ಟಿಯದು, ಎಂದರೆ 4ಜಿಯ ಮೇಲೆಯೇ ಧ್ವನಿಯನ್ನು ಸಾಗಿಸುವ ವ್ಯವಸ್ಥೆಯದು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಜಾಲಕ್ಕೆ 2ಜಿಯಾಗಲಿ 3ಜಿಯಾಗಲಿ ಇಲ್ಲವಾದುದರಿಂದ, ಅಲ್ಲಿ ಸಾಧಾರಣ ಕರೆಯೊಂದು ಹೋಗಬೇಕಾದರೂ ಫೋನಿಗೆ ವೋಲ್ಟಿ ಬರಲೇಬೇಕು. ಬ್ಯಾಂಡುಗಳೆಲ್ಲ ಹೊಂದಿದ್ದರೂ, ತಯಾರಕರು ಭಾರತದ ಆ ಕಂಪನಿಗೆಂದು ತಂತ್ರಾಂಶದಲ್ಲಿ ಅದನ್ನು ಅಳವಡಿಸದಿದ್ದರೆ, ಇಂಟರ್ನೆಟ್ಟು ಓಡುವುದು, ಕರೆ ಮಾತ್ರ ಹೋಗದು. ಸಿಮ್ಮಿನಿಂದ ಎಸ್ಸೆಮ್ಮೆಸ್ಸು ಹೋಗದೆ ಯುಪಿಐ ಸಹ ಆ ಫೋನಿನಲ್ಲಿ ನೋಂದಣಿಯಾಗದು. ಪಿಂಚಣಿಯ ಹಣವನ್ನು ಫೋನಿನಲ್ಲಿಯೇ ನೋಡಿಕೊಳ್ಳುವ ಹಿರಿಯರಿಗೆ ಇದು ಸಣ್ಣ ನಷ್ಟವಲ್ಲ.

ಈ ವಿಷಯದಲ್ಲಿ ಸರ್ಕಾರವು ಸುಮ್ಮನೆ ಕುಳಿತಿಲ್ಲವೆಂಬುದನ್ನು ಹೇಳಲೇಬೇಕು. ಗುರುತಿನ ಸಂಖ್ಯೆಯಿಲ್ಲದ ಫೋನುಗಳ ಕರೆಗಳನ್ನು 2009ರ ನವೆಂಬರ್ ಕೊನೆಯಿಂದ ನಿಲ್ಲಿಸತಕ್ಕದ್ದೆಂದು ಅದು ಆಜ್ಞಾಪಿಸಿದ್ದಿತು. 2023ರ ಮೇ ತಿಂಗಳಿನಲ್ಲಿ ಫೋನುಗಳನ್ನು ಪರಿಶೀಲಿಸಿಕೊಳ್ಳಲು ಸಂಚಾರ ಸಾಥಿ ಎಂಬ ಜಾಲತಾಣವನ್ನು ಆರಂಭಿಸಿತು. *#06# ಎಂದು ಒತ್ತಿದರೆ ತೋರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು, ಕೆ ವೈ ಎಂ ಎಂಬ ಮೂರು ಆಂಗ್ಲಾಕ್ಷರಗಳ ಮುಂದೆ ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ, ಆ ಫೋನು ಯಾವುದು, ಕಪ್ಪುಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಆದರೆ ಫೋನು ಕಳವಿನದಲ್ಲವೆಂದು ಹೇಳುವ ಈ ವ್ಯವಸ್ಥೆಯು, ಅದು ನಮ್ಮೂರಿನಲ್ಲಿ ಮಾತನಾಡುವುದೇ ಎಂಬುದನ್ನು ಹೇಳುವುದಿಲ್ಲ. ಮಾಡೆಲನ್ನು ಗುರುತಿಸಬಲ್ಲ ವ್ಯವಸ್ಥೆಗೆ, ಆ ಮಾಡೆಲಿನ ಬ್ಯಾಂಡುಗಳನ್ನೂ ಯಾವ ಯಾವ ಕಂಪನಿಯಲ್ಲಿ ಅದಕ್ಕೆ ವೋಲ್ಟಿ ಉಂಟೆಂಬುದನ್ನೂ ಜೋಡಿಸುವುದು ಅಸಾಧ್ಯವಾದ ಕಾರ್ಯವಲ್ಲ. ಆ ಉತ್ತರವು ಕನ್ನಡದಲ್ಲಿ ಬರಬೇಕು. ಧಾರವಾಡದಲ್ಲಿ ಕುಳಿತ ತಾಯಿಯೇ ಅದನ್ನು ಓದಿಕೊಂಡು ಮಗನಿಗೆ "ಇದು ಬ್ಯಾಡೋ, ಅದನ್ನ ತಗೋ" ಎನ್ನುವಂತಾಗಬೇಕು. ಪ್ರತಿಯೊಂದಕ್ಕೂ ಅಂಗಡಿಯ ಹುಡುಗರ ದಯೆಯನ್ನೇ ಅವಲಂಬಿಸುವ ಸ್ಥಿತಿಯು ಅವರಿಗೆ ಏಕೆ ಇರಬೇಕು?

ನಮ್ಮ ನೆರೆಮನೆಯವರ ಮಗನು ಉಳಿದ ಕಂತುಗಳನ್ನೆಲ್ಲ ಒಂದೇ ಸಲಕ್ಕೆ ಕಟ್ಟಿ ಲಾಕನ್ನು ತೆಗೆಸಿದನು. ತಾಯಿಯು ಗುರುತಿನ ಚೀಟಿಯೊಡನೆ ಹೋಗಿ ತಮ್ಮ ಸಂಖ್ಯೆಯನ್ನು ಇಸಿಮ್ಮಿಗೆ ಬದಲಾಯಿಸಿಕೊಂಡರು. ಇದೀಗ ತಂಗಿಗೊಂದು ಫೋನು ತರುವೆನೆಂದು ಅವನು ಹೇಳಿದ್ದಾನೆ. ಈ ಸಲ ಅವನು ಕೊಳ್ಳುವ ಮೊದಲೇ ಮಾಡೆಲ್ ಸಂಖ್ಯೆಯನ್ನು ತಿಳಿಸಿದ್ದು, ತಾಯಿಯು ಅದನ್ನು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ತಮ್ಮ ದುಂಡಗಿನ ಅಕ್ಷರಗಳಲ್ಲಿ ಬರೆದುಕೊಂಡು, ನಿನ್ನೆ ಮತ್ತೆ ಕೊಪ್ಪೀಕರ ರಸ್ತೆಗೆ ಹೋಗಿ ಬಂದರು.